ಬೂ ಮೆರೆಯೋನಿಯ ಮೀಟರ್ ಪಂಜರ

ನಮ್ಮ ಬಾಕಾ ಓಣಿಯಲ್ಲಿ ನೀರಿನ ಮೀಟರುಗಳು ಅಂಗಳದೊಳಗಿಲ್ಲ, ರಸ್ತೆಯ ಅಂಚಿನಲ್ಲಿವೆ. ಅಳತೆ ಬರೆದುಕೊಳ್ಳಲು ಬರುವವನಿಗೆ ನಾಯಿ ಕಚ್ಚಬಾರದೆಂದು ಯಾವನೋ ಪುಣ್ಯಾತ್ಮ ಹಾಗೆ ಮಾಡಿಸಿದನಂತೆ. ಕಳ್ಳನಿಗೂ ನಾಯಿ ಕಚ್ಚುವುದಿಲ್ಲ ಎಂಬುದು ಆತನಿಗೆ ಹೊಳೆಯಲಿಲ್ಲ. ಹಿತ್ತಾಳೆಯ ಮೀಟರು, ಎರಡು ನಟ್ಟು ತಿರುಗಿಸಿದರೆ ಕೈಗೆ ಬರುತ್ತದೆ. ಈಸ್ಟರ್ ಕಳೆದ ಮೇಲೆ ನಮ್ಮ ಓಣಿಯಿಂದಲೇ ನಾಲ್ಕು ಹೋದವು.

ನಾಲ್ಕನೆಯದು ಎದುರುಮನೆಯ ಮೆರೆಯೋನಿಯದು. ಎಪ್ಪತ್ತು ದಾಟಿದ ನಿವೃತ್ತ ನರ್ಸು. ಓಣಿಯವರೆಲ್ಲ ಅವಳನ್ನು ಬೂ, ಅಂದರೆ ಅಜ್ಜಿ, ಎಂದೇ ಕರೆಯುವುದು. ನೀರಿನ ಕಚೇರಿಯವರು ಹೊಸ ಮೀಟರು ಕೂರಿಸಿ, ಇನ್ನೊಮ್ಮೆ ಹೋದರೆ ತಿಂಗಳು ಕಾಯಬೇಕೆಂದು ಹೇಳಿ ಹೋದರು. ಅದೇ ಸಂಜೆ ಬೂ ನನ್ನ ಶೆಡ್ಡಿಗೆ ಬಂದಳು.

"ಪೆರ್ಮಾಳ್, ಮುಂದಿನ ಶನಿವಾರ ಮೊಮ್ಮಗಳು ವಾಸಿತಿಗೆ ಇಪ್ಪತ್ತೊಂದು ತುಂಬುತ್ತೆ. ಅವಳ ತಾಯಿ ಕಡೆಯವರು ದ್ವೀಪದಿಂದ ನಲವತ್ತು ಜನ ಬರ್ತಾರೆ. ನಲವತ್ತು ಜನ, ಒಂದು ಕಕ್ಕಸು. ನಲ್ಲೀಲಿ ನೀರಿಲ್ಲ ಅಂದ್ರೆ ಏನಾಗುತ್ತೆ ನೀನೇ ಹೇಳು."

"ಹೇಳೋದು ಬೇಡ ಬಿಡು ಬೂ," ಎಂದೆ.

ಮೂವತ್ತೊಂದು ವರ್ಷ ಹಡಗು ರಿಪೇರಿ ಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿದವನು ನಾನು. ನಿವೃತ್ತನಾಗಿ ಶೆಡ್ ಹಾಕಿಕೊಂಡು ಐದು ತಿಂಗಳಾಗಿತ್ತು, ಒಂದು ಕೆಲಸವೂ ಬಂದಿರಲಿಲ್ಲ. "ಫ್ರಿಜ್ ಬಾಗಿಲು ತೆಗೆದು ನೋಡೋದು, ಮುಚ್ಚೋದು. ಅದೇ ನಿಮ್ಮ ಫ್ಯಾಕ್ಟರಿ," ಎನ್ನುತ್ತಿದ್ದಳು ನನ್ನ ಹೆಂಡತಿ ಅಂಗಮ್ಮ. ಬೂಗೆ ಮೀಟರ್ ಪಂಜರ ಮಾಡುತ್ತೇನೆಂದು ಗೊತ್ತಾದದ್ದೇ ಓಣಿಯ ಉಳಿದ ಹನ್ನೊಂದು ಮನೆಯವರೂ ಬಂದು ವಿಚಾರಿಸಿದರು. ಎಲ್ಲರದೂ ಒಂದೇ ಮಾತು: ಅವಳದ್ದು ನಿಲ್ಲಲಿ, ಆಮೇಲೆ ನೋಡೋಣ. ಅವಳ ಪಂಜರ ನಿಂತರೆ ನನ್ನ ಶೆಡ್ ನಿಲ್ಲುತ್ತಿತ್ತು. ಇಲ್ಲವಾದರೆ ನನಗೆ ಫ್ರಿಜ್ಜೇ ಗತಿ.

ಜೀವ ತೇಯ್ದು ಮಾಡಿದೆ. ಹೆಬ್ಬೆರಳು ಗಾತ್ರದ ಸರಳು, ಅಂಕಿ ಓದಲು ಅಂಗೈಯಗಲದ ಕಿಂಡಿ, ಗರಗಸ ತಾಗದಂತೆ ಕೊಳವೆಯೊಳಗೆ ಅಡಗಿಸಿದ ಬೀಗ. ಹಸಿರು ಬಣ್ಣ ಬಳಿದು, ಒಂದಡಿ ಗುಂಡಿ ತೋಡಿ, ನಾಲ್ಕು ಕಾಲಿಗೂ ಸಿಮೆಂಟು ಹಾಕಿ ನಿಲ್ಲಿಸಿದೆ. "ಇದನ್ನ ಮುರೀಬೇಕು ಅಂದ್ರೆ ಹಡಗು ಕತ್ತರಿಸೋ ಗ್ಯಾಸೇ ತರಬೇಕು," ಎಂದು ಇಡೀ ಓಣಿಗೆ ಕೇಳುವಂತೆ ಹೇಳಿದೆ. ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು.

ಗುರುವಾರ ಮಧ್ಯಾಹ್ನ ದ್ವೀಪದವರು ಹಡಗಿನಿಂದಿಳಿದು ಲಾರಿಯಲ್ಲಿ ಬಂದರು. ಚಾಪೆ, ಕೆಸುವಿನ ಗೆಡ್ಡೆ, ಕಾಲು ಕಟ್ಟಿದ ಎರಡು ಹಂದಿ. ಎಲ್ಲರಿಗಿಂತ ಮೊದಲು ಇಳಿದವನು ವಾಸಿತಿಯ ತಾಯಿಯ ದೊಡ್ಡಪ್ಪ ಇನೋಕೆ. ಎಪ್ಪತ್ತೊಂದರ ಮುದುಕ, ಎಡ ಮಂಡಿ ಬಗ್ಗುವುದಿಲ್ಲ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

"ಇನ್ನೂ ಸತ್ತಿಲ್ವಾ ಮುದಿ ಏಡಿ?" ಎಂದ ಬೂಗೆ.

"ನಿನ್ನ ಹೂತು ಹಾಕಿ ಆಮೇಲೆ ಸಾಯೋಣ ಅಂತ ಕಾಯ್ತಿದ್ದೀನಿ, ಕೊಳೆತ ಮೀನೇ," ಎಂದಳು ಬೂ. ಇಬ್ಬರೂ ತಬ್ಬಿಕೊಂಡು ಅತ್ತರು.

ಅವನು ಪಂಜರದ ಸುತ್ತ ಎರಡು ಸುತ್ತು ಬಂದು, ಸರಳನ್ನು ಬೆರಳಿನಿಂದ ತಟ್ಟಿ ನೋಡಿ, "ಯಾರು ಮಾಡಿದ್ದು?" ಎಂದ. ನಾನು ಎದೆಯುಬ್ಬಿಸಿ ಕೈ ಎತ್ತಿದೆ.

ಮರುದಿನ ಬೆಳಗಾಗುತ್ತಲೇ ಅಂಗಮ್ಮ ನನ್ನನ್ನು ಅಲುಗಾಡಿಸಿದಳು. "ರೀ, ಏಳಿ. ಹಕ್ಕಿ ಇದೆ, ಪಂಜರ ಹಾರಿಹೋಗಿದೆ."

ಓಡಿಹೋಗಿ ನೋಡಿದೆ. ಮೀಟರು ತನ್ನ ಜಾಗದಲ್ಲಿ ಹಾಯಾಗಿ ಕೂತಿತ್ತು. ಸುತ್ತ ನಾಲ್ಕು ಗುಂಡಿ. ನನ್ನ ಪಂಜರ ಬುಡಸಮೇತ ಮಾಯ. ಹನ್ನೊಂದು ಮನೆಯವರೂ ಹಲ್ಲುಜ್ಜುತ್ತ ಬಂದು ಸುತ್ತ ನಿಂತಿದ್ದರು. ಪಕ್ಕದ ಮನೆಯ ಬಿಸುನ್ ಮಾಸ್ತರರು ಬಾಯಿಯ ನೊರೆ ಉಗಿದು, "ಮುಂದಿನ ಸಲ ಪಂಜರಕ್ಕೂ ಒಂದು ಪಂಜರ ಮಾಡಪ್ಪ ಪೆರ್ಮಾಳ್," ಎಂದರು. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೂವತ್ತೊಂದು ವರ್ಷದ ಕೈಕೆಲಸ, ಹಲ್ಲುಜ್ಜುವವರ ಮುಂದೆ ನಗೆಪಾಟಲು.

ನನಗೆ ಸಿಟ್ಟು ಬಂದರೆ ಕಣ್ಣು ಕಾಣಿಸುವುದಿಲ್ಲ. ಸೀದಾ ಗುಜರಿ ಅಂಗಡಿಗೆ ಹೋಗಿ, ಆಗ ತಾನೆ ಬಾಗಿಲು ತೆಗೆಯುತ್ತಿದ್ದವನ ಮುಖಕ್ಕೆ ಮಂಗಳಾರತಿ ಎತ್ತಿದೆ. ಪಾಪ, ಅವನು ನನಗೊಂದು ಸ್ಟೂಲು ಕೊಟ್ಟು, ಇಡೀ ಅಂಗಡಿ ಹುಡುಕಿಕೊಳ್ಳಲು ಬಿಟ್ಟ. ಬೆವರು ಸುರಿಸಿಕೊಂಡು ಬರಿಗೈಯಲ್ಲಿ ವಾಪಸು ಬಂದರೆ, ಬೂ ಮನೆಯ ಜಗಲಿಯ ಮೇಲೆ ದ್ವೀಪದವರ ಗಂಟುಮೂಟೆಯ ನಡುವೆ ನನ್ನ ಹಸಿರು ಪಂಜರ! ನಾಲ್ಕು ಕಾಲಿಗೂ ಸಿಮೆಂಟಿನ ಬೂಟು. ಅದರ ಮೇಲೆ ಕೂತು ಇನೋಕೆ ಚಹಾ ಕುಡಿಯುತ್ತಿದ್ದ.

"ಬಾ ಭಯ್ಯಾ. ನಿನ್ನ ಮಾಲು ಚೆನ್ನಾಗಿದೆ. ನಮ್ಮೂರಿನ ನೀರಿನ ಟ್ಯಾಂಕಿಗೆ ಹೇಳಿ ಮಾಡಿಸಿದ ಹಾಗಿದೆ, ತಗೊಂಡೆ."

ಬೂ ಬಾಗಿಲಿಗೆ ಒರಗಿ, ನಗಲೂ ಆಗದೆ ಉಸಿರಾಡಲೂ ಆಗದೆ ಹೊಟ್ಟೆ ಹಿಡಿದುಕೊಂಡಿದ್ದಳು. ಆಗ ನನಗೆ ಬುದ್ಧಿ ಬಂತು. ಇವರಿಬ್ಬರ ಊರಿಗೂ ತೌವೂ ಸಂಬಂಧ. ಎರಡೂರಿಗೂ ಮೂಲದೈವ ಒಂದೇ. ಹಾಗಾಗಿ ಒಬ್ಬರ ವಸ್ತುವನ್ನು ಇನ್ನೊಬ್ಬರು ಕೇಳದೆ ಒಯ್ಯಬಹುದು, ಬಾಯಿಗೆ ಬಂದದ್ದು ಬಯ್ಯಬಹುದು. ಕಳೆದುಕೊಂಡವರು ನಗಬೇಕು, ಅಷ್ಟೇ. ಹೋದ ಸಲ ಇನೋಕೆ ಬೂ ಮನೆಯ ಗೋಡೆಗಡಿಯಾರ ಒಯ್ದಿದ್ದ. ಅದಕ್ಕೂ ಮೊದಲು ಬೂ ಅವನ ಊರಿಗೆ ಹೋಗಿ, ಅವನು ಚರ್ಚಿಗೆ ಹಾಕಿಕೊಳ್ಳುವ ಬೂಟನ್ನೇ ಹಾಕಿಕೊಂಡು ಬಂದಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ಗುಜರಿಯವನ ಜೀವ ತಿಂದಿದ್ದೆ.

"ಎಷ್ಟು ಜನ ಸೇರಿ ಕಿತ್ರಿ?" ಎಂದು ಕೇಳಿದೆ. ಅದನ್ನು ಕೇಳಬಾರದಿತ್ತು.

"ಜನ ಯಾಕೆ? ನಾನೊಬ್ಬನೇ. ಮರಗೆಣಸು ಕೀಳೋ ಕೋಲು ಇತ್ತಲ್ಲ." ಇನೋಕೆ ಬಗ್ಗದ ಮಂಡಿಯನ್ನು ತಟ್ಟಿ ತೋರಿಸಿದ. "ಬೀಗದ ಹತ್ರ ಹೋಗಿ ನೋಡ್ದೆ, ಆಗಲ್ಲ ಅನ್ನಿಸ್ತು. ಸರಳು ಬಗ್ಗಿಸಿ ನೋಡ್ದೆ, ಅದೂ ಆಗಲಿಲ್ಲ. ಕಾಲು ನೋಡ್ದೆ, ಅಯ್ಯೋ, ಹಾಲುಹಲ್ಲಿನ ಹಾಗೆ ಅಲ್ಲಾಡ್ತಿತ್ತು. ಕಬ್ಬಿಣ ಗೊತ್ತು ನಿನಗೆ ಭಯ್ಯಾ. ಮಣ್ಣು ಗೊತ್ತಿಲ್ಲ."

ನಿಜವಾದ ಮಾತು ಎದೆಗೆ ನಾಟುತ್ತದೆ. ಹಡಗಿಗೆ ಎಲ್ಲಿಯ ಬುನಾದಿ? ಮೂವತ್ತೊಂದು ವರ್ಷದಲ್ಲಿ ನಾನು ಒಂದೇ ಒಂದು ಗುಂಡಿ ತೋಡಿರಲಿಲ್ಲ.

"ಹಾಗಾದ್ರೆ ನೀನೇ ತೋಡು," ಎಂದೆ. "ನಾನು ಮತ್ತೆ ನಿಲ್ಲಿಸ್ತೀನಿ. ಸಿಮೆಂಟು ಗಟ್ಟಿಯಾಗೋವರೆಗೆ ನೀನೇ ಕಾವಲು ಕೂರಬೇಕು. ಮಂಗಳವಾರ ನಿಮ್ಮ ಹಡಗು ಹೊರಡೋ ಮೊದಲು ನಿಮ್ಮ ಜನ ಎಷ್ಟಿದ್ದೀರೋ ಅಷ್ಟೂ ಸೇರಿ ಎಳೀರಿ. ಬಂದ್ರೆ ತಗೊಂಡು ಹೋಗಿ, ನಾನು ಶೆಡ್ ಮುಚ್ತೀನಿ."

"ರೀ," ಎಂದಳು ಅಂಗಮ್ಮ ಹಿಂದಿನಿಂದ. ಆ ಒಂದಕ್ಷರದಲ್ಲಿ ಏನೇನಿತ್ತು ಎಂದು ಗಂಡಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನೋಕೆ ಅರ್ಧ ದಿನ ಕೂತು, ಬಯ್ಯುತ್ತ, ಹಾಡುತ್ತ ತೋಡಿದ. ಮೂರಡಿ ಆಳ. ಮೇಲೆ ಕಿರಿದು, ಕೆಳಗೆ ಅಗಲ. "ದೊಡ್ಡ ಗೆಣಸು ಕೀಳೋಕೆ ಯಾಕೆ ಪ್ರಾಣ ಹೋಗುತ್ತೆ ಹೇಳು? ಕೆಳಗೆ ದಪ್ಪ ಇರುತ್ತೆ, ಮೇಲಿನ ಮಣ್ಣು ಬಿಡಲ್ಲ." ನಾನು ಹಳೆಯ ಸಿಮೆಂಟಿನ ಬೂಟುಗಳನ್ನು ಒಡೆದು, ಕಾಲುಗಳನ್ನು ಉದ್ದ ಮಾಡಿ, ತುದಿಗೆ ಅಡ್ಡ ಸರಳು ಬೆಸೆದೆ. ಸಂಜೆಗೆ ಪಂಜರ ನಿಂತಿತು. ಹಸಿ ಸಿಮೆಂಟಿನ ಪಕ್ಕದಲ್ಲೇ ಇನೋಕೆ ಚಾಪೆ ಹಾಸಿದ.

ಮುಖ್ಯ ಅತಿಥಿಯೇ ರಸ್ತೆಬದಿಗೆ ಕೂತ ಮೇಲೆ ಹಬ್ಬ ಒಳಗೆ ನಡೆಯುವುದು ಹೇಗೆ? ಶನಿವಾರ ಚಾಪೆಗಳೆಲ್ಲ ಅಲ್ಲಿಗೇ ಬಂದವು. ನೆಲದೊಲೆಯಲ್ಲಿ ಬೆಂದ ಹಂದಿ, ತೆಂಗಿನ ಹಾಲಿನ ಮೀನು, ಅಂಗಮ್ಮ ಮಾಡಿದ ನೂರಿಪ್ಪತ್ತು ರೋಟಿ, ಎಲ್ಲವೂ ಮೀಟರಿನ ಸುತ್ತ. ಬೇರಿನ ಪುಡಿಯನ್ನು ನೀರಲ್ಲಿ ಹಿಂಡಿ ಗ್ರಾಗ್ ಪಾನಕ ಕಲೆಸುವ ಮರದ ಬಾನಿಯನ್ನು ಪಂಜರದ ಎದುರಿಗೇ ಇಟ್ಟರು. ಕರಟ ಕೈಗೆ ಬಂದಾಗಲೆಲ್ಲ ಜನ ಚಪ್ಪಾಳೆ ತಟ್ಟಿ ಕುಡಿದರು, ಕುಡಿದು ಚಪ್ಪಾಳೆ ತಟ್ಟಿದರು. ವಾಸಿತಿ ಹೂಮಾಲೆ ಹಾಕಿಕೊಂಡು ಅಲ್ಲೇ ಕೇಕು ಕತ್ತರಿಸಿದಳು. ಗುಜರಿಯವನನ್ನೂ ಕರೆದಿದ್ದೆ. ಕ್ಷಮೆ ಕೇಳುವ ಮೊದಲೇ ಅವನು ಮೂರನೆಯ ತಟ್ಟೆಯಲ್ಲಿದ್ದ. ನಲವತ್ತು ಜನರೂ ಮೂರು ಹೊತ್ತೂ ಸ್ನಾನ ಮಾಡಿದರೋ ಏನೋ, ಕಿಂಡಿಯೊಳಗೆ ಮೀಟರಿನ ಮುಳ್ಳು ನಿಲ್ಲದೆ ತಿರುಗುತ್ತಿತ್ತು. ಅದನ್ನು ನೋಡುವಾಗಲೆಲ್ಲ ನನಗೆ ಖುಷಿ, ಮಂಗಳವಾರ ನೆನಪಾದಾಗಲೆಲ್ಲ ಹೋಗಿ ಸಿಮೆಂಟು ಒತ್ತಿ ನೋಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ದ್ವೀಪದವರು ದೋಣಿ ಕಟ್ಟುವ ಹಗ್ಗ ತಂದರು. ರಗ್ಬಿ ಆಡುವ ಹದಿನಾಲ್ಕು ಗಂಡಸರು. ಒಬ್ಬೊಬ್ಬನ ತೊಡೆಯೂ ನನ್ನ ಸೊಂಟದಷ್ಟು. ಹಗ್ಗದ ತುದಿ ಹಿಡಿದವನು ಇನೋಕೆ. ಹನ್ನೊಂದು ಮನೆಯವರೂ ಬೇಲಿಯ ಮೇಲಿದ್ದರು. ಬಿಸುನ್ ಮಾಸ್ತರರು ಸೀಟಿ ಊದಿದರು.

ಎಳೆದರು. ಪಂಜರ ಕಿರುಗುಟ್ಟಿತು. ಮತ್ತೆ ಎಳೆದರು. ಹಿಮ್ಮಡಿಗಳು ಮಣ್ಣು ಸೀಳಿದವು. "ಯಾವ ಪಾಪಿ ತೋಡಿದ್ದು ಈ ಗುಂಡಿ?" ಎಂದು ಇನೋಕೆ ಹಲ್ಲು ಕಡಿದ. "ನೀನೇ ಕಣೋ ಕೊಳೆತ ಮೀನೇ," ಎಂದು ಬೂ ಕೂಗಿದಳು. ಮೂರನೆಯ ಸಲಕ್ಕೆ ಹಗ್ಗ ಫಟ್ಟೆಂದು ಹರಿದು, ಹದಿನಾಲ್ಕೂ ಜನ ಒಬ್ಬರ ಮೇಲೊಬ್ಬರು ಚರಂಡಿಗೆ ಬಿದ್ದರು. ಇನೋಕೆ ಎಲ್ಲರ ಅಡಿಯಲ್ಲಿದ್ದ. ಪಂಜರ ಕೂದಲೆಳೆಯಷ್ಟೂ ಕದಲಿರಲಿಲ್ಲ.

ನಾನು ಅತ್ತೆ. ನಾಚಿಕೆಯಿಲ್ಲದೆ, ಓಣಿಯ ನಡುವೆ ನಿಂತು ಅತ್ತೆ. ಬಿಸುನ್ ಮಾಸ್ತರರು ಸೀಟಿ ಜೇಬಿಗೆ ಹಾಕಿಕೊಂಡು, "ಮೊದಲನೇದು ನಮ್ಮನೆಗೆ ಮಾಡ್ಬೇಕು, ಈಗ್ಲೇ ಹೇಳಿದ್ದೀನಿ," ಎಂದರು. ಬೇಲಿಯ ಮೇಲಿದ್ದವರೆಲ್ಲ ಒಟ್ಟಿಗೇ ಮಾತಾಡತೊಡಗಿದರು.

ಲಾರಿ ಹೊರಡುವ ಹೊತ್ತಾಯಿತು. ಬೂ ಸೊಂಟದ ಮೇಲೆ ಕೈಯಿಟ್ಟು, "ಈ ಸಲ ಬರಿಗೈಲಿ ಹೋಗ್ತಿದ್ದೀಯಲ್ಲೋ ಇನೋಕೆ. ನಿಮ್ಮೂರಿಗೆ ಏನಂತ ಮುಖ ತೋರಿಸ್ತೀಯ?" ಎಂದಳು.

ಇನೋಕೆ ಮೈಮೇಲಿನ ಕೆಸರು ಒರೆಸಿಕೊಳ್ಳುತ್ತ ಅಂಗಳ, ಜಗಲಿ, ಓಣಿ ಎಲ್ಲ ನೋಡಿದ. ಆಮೇಲೆ ಕುಂಟುತ್ತ ಬಂದು ನನ್ನ ರಟ್ಟೆ ಹಿಡಿದ.

"ಇವನು ನಿಮ್ಮ ಓಣಿಯವನು ತಾನೆ? ಹಾಗಾದ್ರೆ ಇವನನ್ನೇ ತಗೊಂಡೆ. ನಮ್ಮ ಟ್ಯಾಂಕಿಗೆ ಆರು ನಲ್ಲಿ ಇದೆ, ಆರೂ ಹಿತ್ತಾಳೆದು."

ಬೂ ಅಂಗಮ್ಮನ ಕಡೆ ನೋಡಿದಳು. ತೌವೂ ಊರಿನವನು ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ. ಅಂಗಮ್ಮ ಒಳಗೆ ಹೋಗಿ ನನ್ನ ವೆಲ್ಡಿಂಗ್ ಮುಖವಾಡ, ಎರಡು ಅಂಗಿ, ರೋಟಿಯ ಗಂಟು ತಂದು ಲಾರಿಗೆ ಎಸೆದಳು.

"ತಗೊಂಡು ಹೋಗಿ," ಎಂದಳು ಇನೋಕೆಗೆ. "ಭಾನುವಾರದೊಳಗೆ ವಾಪಸ್ ತನ್ನಿ. ಇಲ್ಲಿ ಹನ್ನೊಂದು ಮನೆಯವರು ಕಾಯ್ತಿದ್ದಾರೆ."