ಬರ್ತೀನಿ ಅಂದವನ ಮನೆ

“ಅಳಿಯದೇವ್ರ, ನಮ್ಮ ಮನ್ಯಾಗ ಆಡಿಗೂ ಒಂದು ಗೂಟ ಐತಿ. ನಿಮಗೇನೈತ್ರಿ?”

ಹನಮಪ್ಪ ಇದನ್ನು ಗಟ್ಟಿಯಾಗಿಯೇ ಕೇಳಿದ. ಸಂತೆಯ ದಿನ, ಗಜೇಂದ್ರಗಡದ ಹತ್ತಿ ಜಿನ್ನಿನ ಬಾಗಿಲಲ್ಲಿ, ಹಮಾಲರೆಲ್ಲ ಚಹಾಕ್ಕೆ ಕೂತ ಹೊತ್ತು ನೋಡಿಯೇ ಕೇಳಿದ. ಮಗಳ ಗಂಡನಿಗೆ ಬಹುವಚನ ಹಚ್ಚಿ ಕೇಳಿದ್ದರಿಂದ ಮಂದಿಗೆ ನಗಲು ಇನ್ನಷ್ಟು ಅನುಕೂಲವಾಯಿತು. ಒಬ್ಬನಿಗಂತೂ ಬಸಿಯ ಚಹಾ ಮೂಗಿಗೇರಿತು.

ಅಮೋಘಸಿದ್ದ ತಲೆಗೆ ಅಂಟಿದ ಹತ್ತಿಯ ಎಳೆಯನ್ನು ಕೀಳುತ್ತ ನಿಂತ. “ಮನಿ ನೋಡಾಕ ಹತ್ತೀನ್ರಿ ಮಾವ.”

“ಕೂಸು ಹುಟ್ಟೂಕಿಂತ ಮೊದಲಿಂದ ನೋಡಾಕ ಹತ್ತೀದಿ. ಈಗ ಅದು ಬೋರಲ ಬೀಳಾಕ ಹತ್ತೈತಿ.” ಹನಮಪ್ಪ ಅಳಿಯನನ್ನು ದೇವರ ಪಟ್ಟದಿಂದ ಇಳಿಸಿ ಏಕವಚನಕ್ಕೆ ಬಂದಿದ್ದ. “ಬಾಣಂತೀನ್ನ ಎಲ್ಲಿ ಮಲಗಸ್ತೀಯಪಾ, ಹತ್ತಿ ಅಂಡಗಿ ಮ್ಯಾಲೇನು? ಆ ಅರ್ಜುನಪ್ಪನ್ನ ನೋಡು. ನಿನ್ನ ಕೂಡನ ಬಂದಾಂವ, ನಿನ್ನಷ್ಟ ಹೊರಾಂವ. ಮನಿ ಮಾಡ್ಯಾನ. ಮುಂದಿನ ಸಂತಿಗೆ ಬರ್ತೀನಿ. ಮನಿ ಆಗಿದ್ರ ಕರೆವ್ವನ್ನ ತಂದು ಬಿಡ್ತೀನಿ. ಇಲ್ಲಾಂದ್ರ ಅಕಿ ಮುಶಿಗೇರ್ಯಾಗ ನಮ್ಮ ಹೊಲದಾಗ ಕಸಾ ತಗಕೋತ ಇರ್ತಾಳ. ಮತ್ತ ಕೇಳಾಕ ಬರಬ್ಯಾಡ.”

ಆಡಿನ ಮಾತು ಅಷ್ಟೇನೂ ನೆಡಲಿಲ್ಲ. ಅರ್ಜುನಪ್ಪನ ಹೆಸರು ನೆಟ್ಟಿತು.

ಇಬ್ಬರೂ ಬೆಳವಣಕಿಯವರು. ಇಬ್ಬರೂ ಸಾಲಿ ಬಿಟ್ಟದ್ದು ಒಂದೇ ದಿನ, ಒಂದೇ ಮಾಸ್ತರರ ಬೆತ್ತಕ್ಕೆ. ಹೊಸ ಪೈಸೆ ಚಾಲ್ತಿಗೆ ಬಂದ ವರ್ಷ ಕೂಲಿ ಹುಡುಕಿಕೊಂಡು ಗಜೇಂದ್ರಗಡಕ್ಕೆ ಬಂದದ್ದೂ ಕೂಡಿಯೇ. ಅರ್ಜುನಪ್ಪ ಹೆಂಡತಿ ಮಾನವ್ವನನ್ನು ಕರೆತಂದು ಯಾರದೋ ದನದ ಕೊಟ್ಟಿಗೆಯಲ್ಲಿ ಇಳಿದ. ಅಮೋಘಸಿದ್ದನ ಹೆಂಡತಿ ಕರೆವ್ವ ಬಸುರಿಯಾಗಿ ತವರಿಗೆ ಹೋಗಿದ್ದಳು. ಅವನು ಜಿನ್ನಿನ ಶೆಡ್ಡಿನಲ್ಲೇ ಹತ್ತಿ ತುಂಬಿದ ಅಂಡಿಗೆಗಳ ಸಂದಿಯಲ್ಲಿ ಮಲಗುತ್ತಿದ್ದ. ಹತ್ತಿಯ ನಡುವೆ ಬೀಡಿ ಹಚ್ಚಲಿಕ್ಕೂ ಬಿಡರು, ಒಲೆಯ ಮಾತು ಎಲ್ಲಿಂದ ಬರಬೇಕು? ಹೊಟೇಲಿನ ತಂಗಳ ಭಜಿ ತಿಂದು ನಾಲಗೆ ಸತ್ತುಹೋಗಿತ್ತು.

ಇಬ್ಬರೂ ಕೂಡಿ ಪೇಟೆಯ ಓಣಿ ಓಣಿ ಅಲೆದಿದ್ದರು. ಖಾಲಿ ಮನೆಗಳಿಗೇನು ಬರವಿರಲಿಲ್ಲ. ಬೀಗದ ಮೇಲೆ ಜೇಡ ಬಲೆ ಕಟ್ಟಿದ ಮನೆಗಳೂ ಇದ್ದವು. ಆದರೆ ಒಬ್ಬ ಮಾಲಕ, “ನೀವ್ಯಾವ ಮಂದಿ?” ಅಂದ. ಇನ್ನೊಬ್ಬ ಹಮಾಲರೆಂದ ಕೂಡಲೇ ಕದ ಮುಂದಕ್ಕೆ ಮಾಡಿದ. ಮೂರನೆಯವನ ಬಾಡಿಗೆ ಕೇಳಿ ಇವರೇ ಹಿಂದಕ್ಕೆ ಸರಿದರು. ಕೈಗೆಟಕುವ ಬಾಡಿಗೆಯವನು ಸಿಕ್ಕಾಗ ಅವನು ಕೇಳಿದ್ದು ಒಂದೇ ಮಾತು: “ಹೆಂಡತಿ ಎಲ್ಲೆದಾಳ? ಒಂಟಿ ಗಂಡಸಿಗೆ ನಾವು ಮನಿ ಕೊಡಂಗಿಲ್ಲ.” ಹೆಂಡತಿ ಇಲ್ಲದೆ ಮನೆ ಕೊಡುವುದಿಲ್ಲ ಎಂದು ಊರಿನವರು, ಮನೆ ಇಲ್ಲದೆ ಹೆಂಡತಿಯನ್ನು ಕಳಿಸುವುದಿಲ್ಲ ಎಂದು ಮಾವ. ಇಬ್ಬರ ನಡುವೆ ಅಮೋಘಸಿದ್ದ ಹಲ್ಲು ಕಡಿಯುತ್ತ ತಿರುಗುತ್ತಿದ್ದ.

ಕಡೆಗೆ ಗುಡ್ಡದ ಬುಡದ ಓಣಿಯಲ್ಲಿ ಶೇಖವ್ವನ ಮನೆ ಸಿಕ್ಕಿತ್ತು. ಮಣ್ಣಿನ ಚಾವಣಿಯ ಮಾಳಿಗೆ ಮನೆ, ಮುಂದೆ ಒಲೆಯಿದ್ದ ಪಡಸಾಲೆ, ಹಿಂದೆ ಒಂದು ಖೋಲಿ, ಎರಡಕ್ಕೂ ಒಂದೊಂದು ಬೆಳಕಿಂಡಿ. ಮುದುಕಿ ಮಗ್ಗಲಿನ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದಳು. ಜಾತಿ ಕೇಳಲಿಲ್ಲ, ಬಾಡಿಗೆಯೂ ಕೈಗೆಟಕುವಂಥದು. “ಕೂಸಿನ ದನಿ ಕೇಳಿ ಭಾಳ ದಿನ ಆಗೇತಿ, ಬಾಣಂತೀನ್ನ ಕರಕೊಂಡು ಬಾ,” ಅಂದಳು. ಅಮೋಘಸಿದ್ದ ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಮಾಳಿಗೆ ನೋಡಿ, ಮಳೆಗೆ ಸೋರದ ಹಾಗೆ ಹೊಸ ಮಣ್ಣು ಯಾರು ಹಾಕಬೇಕೆಂದು ಕೇಳಿದ. ಇರುವವರೇ ಹಾಕಿಕೊಳ್ಳಬೇಕು ಎಂದಳು ಮುದುಕಿ. ಅಲ್ಲಿಗೆ ಅವನ ಪಿತ್ತ ನೆತ್ತಿಗೇರಿತು. ದಿನವಿಡೀ ಕದಗಳ ಮುಂದೆ ನಿಂತು ಬಂದ ಸಿಟ್ಟೆಲ್ಲ ಆ ಹೊಸ್ತಿಲ ಮೇಲೆ ಬಿತ್ತು.

“ಹಂಗಾದ್ರ ನಾ ಹೋಗ್ತೀನಿ,” ಎಂದು ಹೊರಬಿದ್ದ. ಹಿಂದಿದ್ದ ಅರ್ಜುನಪ್ಪ ಮಾತ್ರ ಚಪ್ಪಲಿ ಮೆಟ್ಟುತ್ತ, “ಬರ್ತೀನ್ರಿ ಆಯಿ,” ಅಂದಿದ್ದ.

ಸಿಟ್ಟು ಇಳಿಯಲಿ, ಮತ್ತೆ ಹೋಗಿ ಒಪ್ಪಿಕೊಂಡರಾಯಿತು ಎಂದು ಅಮೋಘಸಿದ್ದ ಅಂದುಕೊಂಡಿದ್ದ. ಸಿಟ್ಟು ಇಳಿಯುವುದರೊಳಗೆ ಆ ಮನೆಯಲ್ಲಿ ಅರ್ಜುನಪ್ಪ ಹಾಲು ಉಕ್ಕಿಸಿದ ಸುದ್ದಿ ಬಂತು.

ಅಂದಿನಿಂದ ಅವನಿಗೆ ಅರ್ಜುನಪ್ಪನ ಮೈಯೆಲ್ಲ ಕಣ್ಣಿಗೆ ಚುಚ್ಚತೊಡಗಿತು. ಎಣ್ಣೆ ಹಚ್ಚಿದ ತಲೆ ಚುಚ್ಚಿತು. ಹೊಲಿಗೆ ಹಾಕಿಸಿಕೊಂಡ ಅಂಗಿಯ ತೋಳು ಚುಚ್ಚಿತು. ಮಧ್ಯಾಹ್ನ ಅವನು ಬುತ್ತಿ ಬಿಚ್ಚಿದರೆ ರೊಟ್ಟಿಯ ಮೆತ್ತಗಿನ ಮಡಿಕೆ, ಪುಂಡಿಪಲ್ಯೆಯ ಹುಳಿ ವಾಸನೆ. “ಬಾರೋ ಅಮೋಗಿ, ಒಂದು ತುತ್ತು ತಿನ್ನು,” ಎಂದು ಕರೆದರೆ ಇವನು ಬೆನ್ನು ತಿರುಗಿಸಿ ಕೂಡುತ್ತಿದ್ದ. “ನಿನಗ ಒಂದು ಮಾತು ಹೇಳೂದೈತಿ,” ಎಂದು ಅರ್ಜುನಪ್ಪ ಹತ್ತಿರ ಬಂದಾಗಲೆಲ್ಲ ಇವನು ಅಂಡಿಗೆಗೆ ಕೊಂಡಿ ಹಾಕಿ ಎಳೆದು ನಡುವೆ ಗೋಡೆ ಮಾಡುತ್ತಿದ್ದ. ಸಂಜೆ ಶೆಡ್ಡಿನ ಹಿಂದೆ ನಿಂತರೆ ಗುಡ್ಡದ ಬುಡದ ಮಾಳಿಗೆಗಳು ಕಾಣುತ್ತಿದ್ದವು. ಎಲ್ಲ ಬೆಳಕಿಂಡಿಗಳ ಹೊಗೆಯಲ್ಲಿ ಅದೊಂದನ್ನೇ ಹುಡುಕುತ್ತಿದ್ದ. ಆ ಹೊಗೆ ತನ್ನದು, ಆ ಒಲೆಯ ಮುಂದೆ ಕೂತಿರಬೇಕಾದವಳು ಕರೆವ್ವ. ಕಳ್ಳ, ಹಿಂದಿನಿಂದ ಹೋಗಿ ನಾಲ್ಕು ದುಡ್ಡು ಹೆಚ್ಚು ತೋರಿಸಿ ಕಸಿದುಕೊಂಡ. ಇದು ಅವನ ಮನಸ್ಸಿನಲ್ಲಿ ಯಾರೂ ಹೇಳದೆಯೇ ಖರೇ ಆಗಿತ್ತು.

ಮಾವ ಸಂತೆ ಮುಗಿಸಿ ಮುಶಿಗೇರಿಯ ದಾರಿ ಹಿಡಿದ ಮೇಲೆ ಅಮೋಘಸಿದ್ದ ಕೈಕಾಲು ತೊಳೆದು ಸೀದಾ ಶೇಖವ್ವನ ಕಟ್ಟೆಗೆ ಹೋದ. ಮುದುಕಿ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಅರ್ಜುನಪ್ಪನ ಕದ ಅರ್ಧ ತೆರೆದಿತ್ತು.

“ಆಯಿ, ಮಾಳಗಿ ಮಣ್ಣು ನಾನ ಹಾಕ್ತೀನಿ. ಅಂವ ಎಷ್ಟು ಕೊಡ್ತಾನೋ ಅದರ ಮ್ಯಾಲೆ ಕೊಡ್ತೀನಿ. ಮನಿ ನನಗ ಕೊಡ್ರಿ.”

“ಅದರಾಗ ಮಂದಿ ಅದಾರಲ್ಲಪಾ.”

“ಅವರ ಬಗ್ಗೆ ನಿಮಗೇನು ಗೊತ್ತೈತ್ರಿ?” ಅವನು ಬಗ್ಗಿ ದನಿ ಇಳಿಸಿದ. ಬರುವಾಗ ಇಂಥ ಮಾತು ಆಡಬೇಕೆಂದೇನೂ ಇರಲಿಲ್ಲ. ಕದದ ಸಂದಿಯಲ್ಲಿ ಸಾರಿಸಿದ ನೆಲ, ಗೋಡೆಗೊರಗಿಸಿದ ಬೀಸುವ ಕಲ್ಲು ಕಂಡವು. ನಾಲಗೆ ತಾನೇ ಹೊರಳಿತು. “ಮಾನವ್ವಗ ಕೆಮ್ಮಿನ ಬ್ಯಾನಿ ಐತಿ. ರಕ್ತ ಬೀಳೂ ಕೆಮ್ಮು. ಬೆಳವಣಕ್ಯಾಗ ಎಲ್ಲಾರಿಗೂ ಗೊತ್ತು. ನಿಮ್ಮ ವಯಸ್ಸಿಗೆ ಅದು ತಗಲಿತಂದ್ರ...”

ಶೇಖವ್ವ ಮೊರವನ್ನು ಕೆಳಗಿಟ್ಟಳು.

“ಅಂವ ಮನಿ ಬೇಡಾಕ ಬಂದಿರಲಿಲ್ಲ. ನಾನ ಹೇಳಿ ಕಳಿಸಿದೆ,” ಅಂದಳು. “ಬರ್ತೀನಿ ಅಂತ ಹೊಸ್ತಲದಾಗ ನಿಂತು ಹೇಳಿದಾಂವ ಯಾಕ ಬರಲಿಲ್ಲ ಅಂತ ಕೇಳಿದೆ. ಮೊದಲ ನಕ್ಕ. ‘ಆಯಿ, ಅದು ಹೊಂಟಾಗ ಅನ್ನೂ ಮಾತು. ಮನಿ ಬೇಕಾಗಿದ್ದು ನನ್ನ ಗೆಣ್ಯಾಗ, ಅಮೋಗಿಗೆ’ ಅಂದ. ನನಗ ಅದು ಹೊಂಟಾಗ ಅನ್ನೂ ಮಾತಲ್ಲಪಾ. ನನ್ನ ಗಂಡ ಸೊಲ್ಲಾಪುರ ಗಿರಣಿಗೆ ಹೊಂಟಾಗ ಅದ ಹೊಸ್ತಲದಾಗ, ನಿನ್ನಂಗ ಸಿಟ್ಟೀಲೆ, ಹೋಗ್ತೀನಿ ಅಂದ. ಹೋದ. ನೀನೂ ಹಂಗ ಅಂದಿ. ಬಾಣಂತಿ ಬರೂ ಮನ್ಯಾಗ ಅಂಥಾ ಮಾತು ಆಡಿದವಂಗ ನಾ ಹ್ಯಾಂಗ ಕೀಲಿ ಕೊಡಲಿ?”

ಅಮೋಘಸಿದ್ದ ಕಟ್ಟೆಯ ಮೇಲೆ ಕೂತ. ಇಷ್ಟು ದಿನ ಕಾಯಿಸಿ ಕಾಯಿಸಿ ಇಟ್ಟುಕೊಂಡ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಅರ್ಜುನಪ್ಪ ಕದ್ದಿದ್ದರೆ ಎಷ್ಟು ಚಲೋ ಇತ್ತು.

ಕದ ಪೂರ್ತಿ ತೆರೆಯಿತು. ಮಾನವ್ವ ನೀರಿನ ತಂಬಿಗೆ, ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಹೊರಗೆ ಬಂದಳು. ಅವಳ ಹಿಂದೆ ಅರ್ಜುನಪ್ಪ. ಇಬ್ಬರೂ ಎಲ್ಲವನ್ನೂ ಕೇಳಿದ್ದರು. ಅದು ಅವಳು ತಂಬಿಗೆ ಇಟ್ಟ ರೀತಿಯಲ್ಲೇ ತಿಳಿಯಿತು. ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಸರಿದು ನಿಂತಳು.

“ನೀರು ಕುಡಿ ಅಣ್ಣಾ. ತಂಬಿಗಿ ಬೂದಿ ಹಚ್ಚಿ ತಿಕ್ಕೀನಿ. ಕೆಮ್ಮು ತಗಲಂಗಿಲ್ಲ.”

“ಸುಮ್ಮನಿರ ನೀ,” ಎಂದ ಅರ್ಜುನಪ್ಪ. ಮುಖ ಕೆಂಪಾಗಿತ್ತು, ಆದರೂ ದನಿ ಏರಿಸಲಿಲ್ಲ. “ಅಮೋಗಿ, ಹಿಂದಿನ ಖೋಲಿ ಖಾಲಿ ಇಟ್ಟೀವಿ. ಬಂದ ದಿನದಿಂದ ಖಾಲೀನ ಐತಿ. ಕರೆವ್ವ ಬರ್ತಾಳ, ಕೂಸು ಬರ್ತೈತಿ ಅಂತ ಆಯೀಗೆ ಹೇಳೇ ಕೀಲಿ ಇಸಕೊಂಡೀನಿ. ಇದನ್ನ ಹೇಳಾಕ ಬಂದ್ರ ನೀ ಅಂಡಗಿ ಅಡ್ಡ ಹಾಕ್ತಿದ್ದಿ.”

ಅಮೋಘಸಿದ್ದ ಅವರ ಭುಜದಾಚೆ ನೋಡಿದ. ಪಡಸಾಲೆ ದಾಟಿ ಖೋಲಿಯ ಬಾಗಿಲು. ಒಳಗೆ ಬೆಳಕಿಂಡಿಯ ಬೆಳಕು ಬರಿ ನೆಲದ ಮೇಲೆ ಬಿದ್ದಿತ್ತು. ತೊಲೆಯಿಂದ ಹೊಸ ಹಗ್ಗವೊಂದು ಇಳಿಬಿದ್ದಿತ್ತು, ತೊಟ್ಟಿಲಿಗೆಂದು. ಅದನ್ನೂ ಅರ್ಜುನಪ್ಪನೇ ಕಟ್ಟಿದ್ದಾನೆ. ತನ್ನ ಕೂಸಿನ ತೊಟ್ಟಿಲ ಹಗ್ಗವನ್ನೂ ತನಗಿಂತ ಮೊದಲು ಇವನೇ ಕಟ್ಟಿದ್ದಾನೆ.

ಮನೆ ಕಸಿದುಕೊಂಡವನೆಂದು ಅವನನ್ನು ದ್ವೇಷಿಸುವುದು ಸಲೀಸಾಗಿತ್ತು. ಈಗ ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಹತ್ತಿಗೆ ಬಿದ್ದ ಕಿಡಿಯ ಹಾಗೆ ಒಳಗೊಳಗೇ ಹಬ್ಬಿತು. ಮನೆಯೂ ಅವನದು, ದೊಡ್ಡತನವೂ ಅವನದೇ. ಮುಂದಿನ ಸಂತೆಗೆ ಮಾವ ಬಂದು ಖೋಲಿ ನೋಡಿ ಏನನ್ನುತ್ತಾನೆ? “ಅರ್ಜುನಪ್ಪ ಕೊಟ್ಟಾನಲ್ಲ, ಪುಣ್ಯಾತ್ಮ,” ಅನ್ನುತ್ತಾನೆ. ಖೋಲಿ ಬೇಡವೆಂದರೆ ಕರೆವ್ವ ಮುಶಿಗೇರಿಯಲ್ಲಿ ಕಸ ತೆಗೆಯುತ್ತಾಳೆ.

“ಅಕಿ ಬರ್ಲಿ ಅಣ್ಣಾ,” ಅಂದಳು ಮಾನವ್ವ. ಈಗ ದನಿಯಲ್ಲಿ ಚುಚ್ಚು ಇರಲಿಲ್ಲ. “ನಾನೂ ಒಬ್ಬಾಕಿನ ಇರ್ತೀನಿ.”

ಅವನು ತಂಬಿಗೆ ಮುಟ್ಟಲಿಲ್ಲ. ಎದ್ದು ಕಟ್ಟೆ ಇಳಿದು ಚಪ್ಪಲಿ ಮೆಟ್ಟಿದ.

ಶೇಖವ್ವ ಮೊರವನ್ನು ಮತ್ತೆ ತೊಡೆಯ ಮೇಲೆ ತೆಗೆದುಕೊಂಡಳು. “ಏನಂತ ಹೇಳಿ ಹೊಂಟಿಯಪಾ? ಬರ್ತೀಯೋ, ಹೋಗ್ತೀಯೋ? ಈ ಸಲ ನೋಡಿ ಮಾತಾಡು.”

ಅರ್ಜುನಪ್ಪ ಹೊಸ್ತಿಲ ಮೇಲೆಯೇ ನಿಂತಿದ್ದ. ಅಮೋಘಸಿದ್ದ ಎರಡರಲ್ಲಿ ಒಂದು ಮಾತನ್ನೂ ಅನ್ನದೆ ಓಣಿಯ ಇಳಿಜಾರಿನಲ್ಲಿ ಜಿನ್ನಿನ ಕಡೆಗೆ ನಡೆದ.