ಕುಂಕುಮ ಇಟ್ಟ ಚಿನ್ನ

ನಮ್ಮತ್ತೆ ಚಿಕ್ಕವೆಂಕಟಮ್ಮನಿಗೆ ಬೇಡ ಅಂದದ್ದನ್ನೇ ಮಾಡುವ ಚಾಳಿ. ಮುಟ್ಟಬೇಡಿ ಅಂದರೆ ಮುಗಿಯಿತು, ಮುಟ್ಟಲೇಬೇಕು.

ನನ್ನ ಮಗಳು ಭಾರ್ಗವಿ ಬೆಂಗಳೂರಿನ ಲ್ಯಾಬಿನಲ್ಲಿ ಫಿಸಿಕ್ಸ್ ಸಂಶೋಧನೆ ಮಾಡುತ್ತಾಳೆ. ಜರ್ಮನಿಯ ದೊಡ್ಡ ಎಕ್ಸ್-ರೇ ಲೇಸರ್ ಯಂತ್ರದಲ್ಲಿ ಪ್ರಯೋಗ ಮಾಡಲು ಅವಳಿಗೆ ಪಾಳಿ ಸಿಕ್ಕಿತ್ತು. ವರ್ಷಗಟ್ಟಲೆ ಕಾದು ಸಿಕ್ಕ ಪಾಳಿ, ಕೆಟ್ಟರೆ ಮತ್ತೆ ಯಾವಾಗಲೋ. ಹೊರಡುವ ಮುಂಚೆ ಮಾರಿಕುಪ್ಪಂ ಟ್ರೈನ್ ಹತ್ತಿ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗೆ ಬಂದಳು. ಕೈಯಲ್ಲಿ ಒಂದು ಡಬ್ಬಿ. ಅದರೊಳಗೆ ಸಣ್ಣ ಸಣ್ಣ ಕಿಟಕಿಗಳ ಚೌಕಟ್ಟು, ಕಿಟಕಿಗಳಿಗೆ ಉಸಿರು ತಾಗಿದರೂ ನಡುಗುವಷ್ಟು ತೆಳುವಾದ ಚಿನ್ನದ ಹಾಳೆ.

"ಇದರ ಮೇಲೆ ಎಕ್ಸ್-ರೇ ಬಿಟ್ರೆ ಏನಾಯ್ತದೆ?" ಅಂದೆ.

"ಮನೆಗೆ ಬೆಂಕಿ ಬಿದ್ರೆ ಮಕ್ಳು ಮೊದ್ಲು ಓಡಾಡ್ತಾರೆ, ಗೋಡೆ ಆಮೇಲೆ ಬೀಳ್ತದೆ ಅಲ್ವಾಮ್ಮ? ಅಂಗೇ. ಎಲೆಕ್ಟ್ರಾನ್ ಮೊದ್ಲು ಕಾದು ಎಗರಾಡ್ತವೆ, ಪರಮಾಣು ಇನ್ನೂ ಜಾಗ ಬಿಟ್ಟಿರಲ್ಲ. ಗೋಡೆ ಬೀಳೋ ಮುಂಚೆ ಫೋಟೋ ತೆಗೀಬೇಕು. ಒಂದೇಟಿಗೆ ಒಂದು ಕಿಟಕಿ ಢಮಾರ್."

ಯಾರೂ ಮುಟ್ಟಬೇಡಿ ಎಂದು ಹೇಳಿ ಅವಳು ಸ್ನಾನಕ್ಕೆ ಹೋದಳು. ನಾನು ಹಾಲು ತಂದು ನೋಡಿದರೆ ಡಬ್ಬಿ ದೇವರ ಮುಂದೆ, ಮುಚ್ಚಳ ಪಕ್ಕದಲ್ಲಿ. ಮೂಲೆಯ ಕಿಟಕಿಯ ಮೇಲೆ ಉದುರಿಸಿದ ಕುಂಕುಮದ ಬೊಟ್ಟು.

"ಮನೆಗೆ ಬಂದ ಚಿನ್ನಾನ ಬೊಟ್ಟಿಡ್ದೆ ಆಚೆ ಕಳಿಸ್ತಾರೇನೇ?" ಅಂದರು ಅತ್ತೆ. "ನಿಮ್ ಮಾವ ಜೀವಮಾನ ಎಲ್ಲ ಗಣಿಯಾಗೆ ಅಗೆದ್ರು. ಒಂದು ಗುಂಜಿ ಈ ಒಸ್ಲು ದಾಟಿ ಬರ್ಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಭಾರ್ಗವಿ ಒದ್ದೆ ತಲೆಯಲ್ಲೇ ಓಡಿಬಂದಳು. ಒಂದು ಕಣ ಪುಡಿ ಬಿದ್ದ ಕಿಟಕಿಯೂ ಕೆಲಸಕ್ಕೆ ಬರುವುದಿಲ್ಲವಂತೆ. ಬೇರೆ ಹಾಳೆ ಮಾಡಿಸಲು ಹೊತ್ತಿರಲಿಲ್ಲ. ಲೆನ್ಸ್ ಹಿಡಿದು ಒಂದೊಂದೇ ಕಿಟಕಿ ನೋಡಿದಳು. ಕುಂಕುಮ ಎಲ್ಲೆಲ್ಲಿ ಹಾರಿದೆಯೋ ಕಣ್ಣಿಗೆ ತಿಳಿಯದು, ಯಂತ್ರವೇ ಹೇಳಬೇಕು. ಆದರೂ ಅಜ್ಜಿಯ ಕಾಲು ಮುಟ್ಟಿ ಹೊರಟಳು. ನಾನಾಗಿದ್ದರೆ ಲೈನಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದೆ.

ಆ ವಾರ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಮಾಡೋದೆಲ್ಲ ಮಾಡಿ ಈಗ ಉಪವಾಸ ಬೇರೆ ಎಂದು ಗೊಣಗುತ್ತಲೇ ಮುದ್ದೆ ಬಡಿಸಿದೆ.

ಕೊನೆಗೆ ವಿಡಿಯೋ ಕಾಲ್ ಬಂತು. ಮಗಳ ಮುಖ ಅರಳಿತ್ತು. ಗುರಿ ಸರಿಮಾಡಲು ಮೊದಲ ಏಟನ್ನು ಬೇಡದ ಕಿಟಕಿಗೆ ಹೊಡೆಯುತ್ತಾರಂತೆ. ಅವಳು ಅಜ್ಜಿಯ ಬೊಟ್ಟಿನ ಕಿಟಕಿಗೇ ಹೊಡೆದಳಂತೆ. ಮಿಕ್ಕವೆಲ್ಲ ಶುದ್ಧವಾಗಿದ್ದವು. ಚಿನ್ನ ಚೂರಾಗುವ ಮುಂಚಿನ ಚಿತ್ರ ಸಿಕ್ಕಿತ್ತು, ಪರಮಾಣುಗಳು ಇನ್ನೂ ಸಾಲು ತಪ್ಪಿರಲಿಲ್ಲ. ನನ್ನ ಮಗಳು!

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೇರ ಬಾಗಿಲಿಗೆ ನಡೆದರು. ಪಕ್ಕದ ಮನೆಯ ಶಶಿರೇಖ ಅಲ್ಲೇ ನಿಂತಿದ್ದಳು.

"ಮೊಮ್ಮಗ್ಳು ಚಿನ್ನ ತಗೊಂಡು ಓದ್ಲಂತೆ. ವಾಪಸ್ ಎಷ್ಟು ತತ್ತಾಳಜ್ಜಿ?"

"ಏನೂ ತರಲ್ಲ ಕಣೇ," ಅತ್ತೆ ತಲೆಯೆತ್ತಿ ಹೇಳಿದರು. "ಅವಳ ತಾತ ಅಗೆದಿದ್ದೆಲ್ಲ ಕಂಡೋರ ಕತ್ತಿಗೆ ಓಯ್ತು. ನಮ್ಮುಡುಗಿ ಅದರೊಳಗೇನೈತೆ ಅಂತ ನೋಡ್ಬಿಟ್ಟು ಸುಟ್ಟಾಕವಳೆ!"