ಅಭ್ಯಾಸದ ಕೆಮ್ಮು

ನಮ್ಮ ಬಾಗಲಕೋಟೆ ಕಡೆ ಕೆಮ್ಮಿಗೆ ಹೆಸರು ಬಹಳ. ಮೆಣಸಿನಕಾಯಿ ಹುರಿದಾಗ ಬರುವುದು ಖಾರದ ಕೆಮ್ಮು. ಚಕ್ಕಡಿಯ ಹಿಂದೆ ನಡೆದರೆ ಬರುವುದು ಧೂಳಿನ ಕೆಮ್ಮು. ತಾನು ಬಂದದ್ದು ಸೊಸೆಯಂದಿರಿಗೆ ತಿಳಿಯಲೆಂದು ಮಾವ ಹೊಸ್ತಿಲಲ್ಲಿ ನಿಂತು ಕೆಮ್ಮುವುದು ಮರ್ಯಾದೆಯ ಕೆಮ್ಮು. ಇವೆಲ್ಲಕ್ಕಿಂತ ಗೌರವದ ಕೆಮ್ಮು ಇನ್ನೊಂದಿದೆ. ಅದು ಓದುವ ಹುಡುಗರದು. ಇಲ್ಲಿ ಓದುವುದಕ್ಕೆ ಅಭ್ಯಾಸ ಮಾಡುವುದು ಎನ್ನುತ್ತಾರೆ. ದಿನವಿಡೀ ಕೂತು ಅಭ್ಯಾಸ ಮಾಡಿದರೆ ಮೈಯಲ್ಲಿ ಉಷ್ಣ ಏರುತ್ತದೆ, ಉಷ್ಣ ಎದೆಗೆ ಹತ್ತಿ ಕೆಮ್ಮು ಬರುತ್ತದೆ ಎಂದು ನಂಬಿಕೆ. ಅದಕ್ಕೇ ಅಭ್ಯಾಸದ ಕೆಮ್ಮು ಎಂದು ಹೆಸರು. ಈ ಹೆಸರು ಒಬ್ಬ ಹುಡುಗನನ್ನು ನುಂಗಿತು. ಇನ್ನೊಬ್ಬನನ್ನು ನುಂಗಲು ಬಾಯಿ ತೆರೆದಿತ್ತು. ಆ ಕಥೆ ಹೇಳುತ್ತೇನೆ, ಸ್ವಲ್ಪ ಹತ್ತಿರ ಬಂದು ಕೂಡಿ.

1957ರ ದೀಪಾವಳಿ ರಜೆ ಮುಗಿಸಿ ಹುಡುಗರು ಬಾಗಲಕೋಟೆಯ ಕಾಲೇಜಿಗೆ ಮರಳಿದ್ದರು. ಕಾಲೇಜಿನ ಬೋರ್ಡಿಂಗಿನಲ್ಲಿ ಏಳನೆಯ ಖೋಲಿ ಇಬ್ಬರದು. ಒಬ್ಬ ಬಾದಾಮಿಯ ಪ್ರಾಣೇಶ. ತಂದೆಯಿಲ್ಲದ ಹುಡುಗ, ತಾಯಿಗೆ ಒಬ್ಬನೇ ಮಗ. ಇನ್ನೊಬ್ಬ ಹುನಗುಂದದ ಸಾಲಿ ಮಾಸ್ತರ ಕೃಷ್ಣಾಜಿಯವರ ಮಗ ಪಂಢರೀನಾಥ. ಇಬ್ಬರೂ ಇಂಟರ್ ಸಾಯನ್ಸಿನ ವಿದ್ಯಾರ್ಥಿಗಳು. ಪಂಢರೀನಾಥ ವರ್ಗಕ್ಕೇ ಮೊದಲಿಗ. ಪ್ರಾಣೇಶನಿಗೆ ಅವನೆಂದರೆ ಅಣ್ಣನೂ ಹೌದು, ಗುರುವೂ ಹೌದು.

ರಸಾಯನಶಾಸ್ತ್ರದ ದಪ್ಪ ಪುಸ್ತಕ ಇಬ್ಬರಿಗೂ ಸೇರಿ ಒಂದೇ ಇತ್ತು, ಅದೂ ಪಂಢರೀನಾಥನದು. ಅವನು ಗಟ್ಟಿಯಾಗಿ ಓದುವನು, ಪ್ರಾಣೇಶ ಎದುರಿಗೆ ಮಂಡಿಗೆ ಮಂಡಿ ತಾಗಿಸಿ ಕೂತು ಕೇಳುವನು. ಪಕ್ಕದ ಖೋಲಿಯ ಖಾಸಿಂಸಾಬನೂ ಒಮ್ಮೊಮ್ಮೆ ಬಂದು ಕೂಡುವನು. ಅವನು ಇಳಕಲ್ಲಿನ ನೇಕಾರರ ಮಗ. ಗಾಳಿಗೆ ಹಾಳೆ ಹಾರುತ್ತವೆ ಎಂದು ಕಿಟಕಿ ಸದಾ ಮುಚ್ಚಿರುತ್ತಿತ್ತು. ಓದುವಾಗ ಪಂಢರೀನಾಥ ಕೆಮ್ಮುವನು, ಪುಟ ತಿರುವುವನು, ಮತ್ತೆ ಕೆಮ್ಮುವನು. ನೀರು ಕುಡಿಯುವಾಗ ಮಾತ್ರ ಇಬ್ಬರಿಗೂ ಭಾರಿ ಶಿಸ್ತು. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು, ಎಂಜಲಾಗಬಾರದು. ಎಂಜಲಿಗೆ ಅಷ್ಟು ಅಂಜಿದ ಜಾಣರು, ಮುಚ್ಚಿದ ಖೋಲಿಯ ಗಾಳಿಗೆ ಎಳ್ಳಷ್ಟೂ ಅಂಜಲಿಲ್ಲ.

ಪಂಢರೀನಾಥ ಇಳಿದುಹೋಗುತ್ತಿದ್ದ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಸಂಜೆಯಾದರೆ ಸಣ್ಣ ಜ್ವರ. ಆದರೆ ಅದಕ್ಕೂ ಹೊಗಳಿಕೆಯೇ! ಬೋರ್ಡಿಂಗಿನ ಮೇಲ್ವಿಚಾರಕರಾದ ರೆಕ್ಟರ್ ಸಾಹೇಬರು ಊಟದ ಪಂಕ್ತಿಯಲ್ಲಿ ಎಲ್ಲರೆದುರು ಅಂದರು: "ನೋಡ್ರಿ ಪಂಢರೀನಾಥನ್ನ! ಅಭ್ಯಾಸಕ್ಕ ಹೆಂಗ ಸೊರಗ್ಯಾನ. ನೀವೂ ಅದೀರಿ, ರೊಟ್ಟಿ ತಿಂದು ಗುಂಡಕಲ್ಲ ಆಗೀರಿ!"

ಹುಡುಗರೆಲ್ಲ ನಕ್ಕರು. ಪಂಢರೀನಾಥನೂ ನಕ್ಕ, ನಗುತ್ತಲೇ ಕೆಮ್ಮಿದ. ಹುನಗುಂದದಿಂದ ಅವನ ತಾಯಿ ರುಕ್ಮಿಣೀಬಾಯಿ ಉಷ್ಣ ಇಳಿಯಲೆಂದು ಗುಲ್ಕಂದ ಕಳಿಸಿದರು, ನೆತ್ತಿಗೆ ಹಚ್ಚಲು ಹರಳೆಣ್ಣೆ ಕಳಿಸಿದರು. ಮಗ ಅಭ್ಯಾಸಕ್ಕೆ ಸೊರಗಿದ್ದಾನೆ ಎಂದು ಕೃಷ್ಣಾಜಿ ಮಾಸ್ತರರು ಊರಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು.

ನಗದವನು ಖಾಸಿಂಸಾಬನೊಬ್ಬನೇ. ಒಂದು ದಿನ ಬಾವಿಯ ಹತ್ತಿರ ಅಂಗಿ ಒಗೆಯುವಾಗ ಪ್ರಾಣೇಶನನ್ನು ನಿಲ್ಲಿಸಿ ಕೇಳಿದ.

"ಪ್ರಾಣ್ಯಾ, ಪಂಢರೀನಾಥಗ ಕೆಮ್ಮ ಬಂದು ಎಷ್ಟ ದಿನಾ ಆತಲೇ?"

"ಯಾರು ಎಣಿಸ್ಯಾರಲೇ? ದೀಪಾವಳಿಗಿಂತ ಮೊದಲಿಂದ ಅದ. ಅಭ್ಯಾಸದ ಕೆಮ್ಮ ಅದು, ಪರೀಕ್ಷಾ ಮುಗದ್ರ ಹೋಗ್ತದ."

"ಅಭ್ಯಾಸದ ಕೆಮ್ಮ ಅಂತ ಯಾವ ಕೆಮ್ಮೂ ಇಲ್ಲೋ ಮಾರಾಯಾ. ನಮ್ಮಕ್ಕ ಗುಲಾಬಬಿಗೂ ಹಿಂಗಽ ಶುರು ಆಗಿತ್ತು. ಮಗ್ಗದ ಧೂಳಿನ ಕೆಮ್ಮ ಅಂತ ನಾವು ಸುಮ್ನ ಕುಂತಿವಿ. ಕಡೀಕ ಮಿರಜ ದವಾಖಾನಿಗೆ ಕರಕೊಂಡ ಹೋದ್ರ ಕ್ಷಯ ಅಂದ್ರು. ವರ್ಷದ ಮ್ಯಾಲ ಸೂಜಿ, ಗುಳಿಗಿ ಆದುವು. ಈಗ ಆರಾಮ ಅದಾಳ, ಮಗ್ಗದ ಮುಂದ ಕುಂದರತಾಳ. ನಾಳಿ ದವಾಖಾನಿಗೆ ಹೋಗೂಣು. ಕಫ ನೋಡ್ತಾರ, ಎದಿ ಫೋಟೋ ತಗೀತಾರ. ಅಷ್ಟಽ."

ಪ್ರಾಣೇಶನಿಗೆ ಸಿಟ್ಟು ಬಂತು. "ನಿಮ್ಮಕ್ಕಗ ಬಂದಿತ್ತಂತ ಎಲ್ಲಾರ ಎದ್ಯಾಗೂ ಅದಽ ಕಾಣಸ್ತದೇನಲೇ ನಿನಗ? ಅಂಥಾ ಹುಡುಗಗ ಅಂಥಾ ಹೊಲಸ ಹೆಸರ ಹಚ್ಚಬ್ಯಾಡ."

ಖಾಸಿಂಸಾಬ ಅಂಗಿ ಹಿಂಡಿ ಹೆಗಲ ಮೇಲೆ ಹಾಕಿಕೊಂಡ. "ಹೊಲಸ ಇರೂದು ಹೆಸರಲ್ಲ, ರೋಗ," ಎಂದಷ್ಟೇ ಹೇಳಿ ಹೋದ.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಓದು ನಡೆದಿತ್ತು. ಪಂಢರೀನಾಥನಿಗೆ ಕೆಮ್ಮು ಒತ್ತರಿಸಿ ಬಂತು. ಕರವಸ್ತ್ರ ಬಾಯಿಗೆ ಒತ್ತಿಕೊಂಡ. ತೆಗೆದಾಗ ಅದರಲ್ಲಿ ಕೆಂಪಗೆ ರಕ್ತ. ಪ್ರಾಣೇಶ ತಟ್ಟನೆ ಎದ್ದ.

"ನಡಿ, ದವಾಖಾನಿಗೆ ಹೋಗೂಣು."

ಪಂಢರೀನಾಥ ಅವನ ಕೈ ಹಿಡಿದುಕೊಂಡ. ಆ ಕೈ ಸುಡುತ್ತಿತ್ತು. "ಬ್ಯಾಡ ಪ್ರಾಣೇಶಾ. ಗೊತ್ತಾದ್ರ ಬೋರ್ಡಿಂಗನಿಂದ ಹೊರಗ ಹಾಕ್ತಾರ. ಪರೀಕ್ಷಾಕ್ಕ ಕೂಡಸೂದಿಲ್ಲ. ತಂಗಿ ಸುಲಭಾನ್ನ ನೋಡ್ಲಿಕ್ಕೆ ವರನ ಕಡ್ಯಾವರು ಬರಾವರಿದ್ದಾರ, ಮನ್ಯಾಗ ಕ್ಷಯ ಅದ ಅಂದ್ರ ಯಾರು ಮಾಡ್ಕೋತಾರ? ಮಾರ್ಚ ಒಂದು ಮುಗೀಲಿ. ಆಮ್ಯಾಲ ನಾನಽ ಹೋಗ್ತೇನಿ. ಯಾರಿಗೂ ಹೇಳೂದಿಲ್ಲಂತ ಆಣಿ ಮಾಡು."

ಅವನು ರಸಾಯನಶಾಸ್ತ್ರದ ಪುಸ್ತಕ ಮುಂದಕ್ಕೆ ಚಾಚಿದ. ಪುಸ್ತಕವೆಂದರೆ ಸರಸ್ವತಿ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆತನದ ಹುಡುಗರು. ಪ್ರಾಣೇಶ ಅದರ ಮೇಲೆ ಕೈಯಿಟ್ಟ. ಹತ್ತೊಂಬತ್ತು ವರ್ಷದ ಹುಡುಗನಿಗೆ ಸ್ನೇಹವೆಂದರೆ ಗುಟ್ಟು ಕಾಯುವುದು. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಆದರೆ ಸಿಟ್ಟು ಬರದೆಯೂ ಇರುವುದಿಲ್ಲ.

ನಾಲ್ಕು ದಿನದ ಮೇಲೆ ಖಾಸಿಂಸಾಬ ನೇರವಾಗಿ ಕೇಳಿದ. "ಖರೆ ಹೇಳು. ರಕ್ತ ಬಿದ್ದೈತೇನು?"

"ಇಲ್ಲ," ಎಂದ ಪ್ರಾಣೇಶ.

ಆ ಒಂದು ಮಾತಿಗೆ ಎರಡು ತಿಂಗಳು ಹೋದವು. ಮಾರ್ಚಿನ ಕೊನೆಯ ಪತ್ರಿಕೆ ಬರೆದು ಹೊರಬಂದ ಪಂಢರೀನಾಥ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದ. ಪ್ರಾಣೇಶ, ಖಾಸಿಂಸಾಬ ಇಬ್ಬರೂ ಟಾಂಗಾದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿಸಿದರು.

ಡಾಕ್ಟರು ಮೈಸೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದಿದ್ದರು. ಎದೆಗೆ ನಳಿಗೆ ಹಚ್ಚಿ ಕೇಳಿದರು: "ಇದು ಎಂಥ ಕೆಮ್ಮು?"

"ಅಭ್ಯಾಸದ ಕೆಮ್ಮರಿ," ಎಂದ ಪ್ರಾಣೇಶ.

ಡಾಕ್ಟರು ತಲೆಯೆತ್ತಿದರು. ಅವರ ಊರಿನಲ್ಲಿ ಅಭ್ಯಾಸವೆಂದರೆ ರೂಢಿ. "ಅಭ್ಯಾಸ ಆಗಿಹೋಗಿದೆಯಾ? ಕೆಮ್ಮು ಅಭ್ಯಾಸ ಆಗೋವಷ್ಟು ದಿನ ಹೇಗಪ್ಪಾ ಸುಮ್ಮನೆ ಕೂತಿದ್ರಿ?"

ಹಾಗಲ್ಲರಿ ಎಂದು ಹೇಳಲು ಪ್ರಾಣೇಶ ಬಾಯಿ ತೆರೆದ. ಡಾಕ್ಟರು ಮಾತನ್ನು ತಪ್ಪು ತಿಳಿದಿದ್ದರು, ರೋಗವನ್ನು ಸರಿಯಾಗಿ ತಿಳಿದಿದ್ದರು.

"ರಕ್ತ ಬಿದ್ದಿತ್ತಾ?"

"ಬಿದ್ದಿತ್ತರಿ. ಸಂಕ್ರಾಂತಿ ಹೊತ್ತಿಗೆ."

ಖಾಸಿಂಸಾಬ ತಿರುಗಿ ಅವನನ್ನು ನೋಡಿದ. ಬೈದಿದ್ದರೆ ಪ್ರಾಣೇಶನಿಗೆ ಎಷ್ಟೋ ಹಗುರಾಗುತ್ತಿತ್ತು.

ಎಕ್ಸ್-ರೇ ಫೋಟೋದಲ್ಲಿ ಎದೆಯ ಎರಡೂ ಬದಿ ತೂತು ಬಿದ್ದಿದ್ದವು. ಮಿರಜ ಕಡೆಯ ಕ್ಷಯದ ದವಾಖಾನೆಗೆ ಒಯ್ದರು. ಅಲ್ಲಿಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು, ಆದರೆ ಹೊತ್ತು ಮೀರಿತ್ತು. ವೈಶಾಖದಲ್ಲಿ ಪಂಢರೀನಾಥ ತೀರಿಕೊಂಡ. ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ವರ್ತಮಾನ ಪತ್ರಿಕೆಯ ಮೊದಲ ದರ್ಜೆಯ ಸಾಲಿನಲ್ಲಿ ಅವನ ನಂಬರು ಇತ್ತು. ರುಕ್ಮಿಣೀಬಾಯಿ ಆ ಪತ್ರಿಕೆಯನ್ನು ಮಡಚಿ ದೇವರ ಗೂಡಿನಲ್ಲಿಟ್ಟರಂತೆ.

ಪ್ರಾಣೇಶ ಬಾದಾಮಿಯಲ್ಲಿ ತಾಯಿ ತುಳಸೀಬಾಯಿಯ ಹತ್ತಿರ ಇದ್ದ. ಅವನಿಗೂ ಕೆಮ್ಮು ಹತ್ತಿತ್ತು. ಸಂಜೆಗೆ ಮೈ ಬೆಚ್ಚಗಾಗುತ್ತಿತ್ತು. ಕಾರಣ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಗೆಳೆಯನನ್ನು ಕೊಂದವನಿಗೆ ಇದು ತಕ್ಕದ್ದೇ ಎಂದು ಒಳಗೊಳಗೇ ಶಿಕ್ಷೆ ಕೊಟ್ಟುಕೊಂಡು ಕೂತಿದ್ದ. ಪರೀಕ್ಷೆ ಮುಗಿದು ಮೂರು ತಿಂಗಳಾಗಿದ್ದರೂ ತುಳಸೀಬಾಯಿ ಮಾತ್ರ ಓಣಿಯಲ್ಲಿ ಅದನ್ನೇ ಹೇಳುತ್ತಿದ್ದರು. "ಅಭ್ಯಾಸದ ಉಷ್ಣ ಇನ್ನೂ ಇಳದಿಲ್ಲ ನೋಡ್ರಿ."

ಒಂದು ಮಧ್ಯಾಹ್ನ ಕೃಷ್ಣಾಜಿ ಮಾಸ್ತರರು ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಗಂಟು. ತುಳಸೀಬಾಯಿ ಕಾಲಿಗೆ ನೀರು ಕೊಟ್ಟರು. ಮಾಸ್ತರರು ಪಡಸಾಲೆಯಲ್ಲಿ ಕೂತು ಗಂಟು ಬಿಚ್ಚಿದರು. ರಸಾಯನಶಾಸ್ತ್ರದ ಪುಸ್ತಕ.

"ಅವನ ನೆನಪಿಗೆ ನಿನ್ನ ಹತ್ರ ಇರ್ಲೆಪಾ ಪ್ರಾಣೇಶಾ. ಕೂಡಿ ಓದಿದಾವರು ನೀವು."

ಪ್ರಾಣೇಶ ಕೈ ಮುಂದೆ ಮಾಡಲಿಲ್ಲ. ಗೋಡೆಗೆ ಸರಿದು ಕೆಮ್ಮತೊಡಗಿದ. ಮಾಸ್ತರರು ಅದನ್ನು ಕೇಳಿದರು. ಅವರಿಗೆ ಆ ಕೆಮ್ಮಿನ ಗುರುತು ಇಲ್ಲದೆ ಇದ್ದೀತೇ?

"ತುಳಸೀಬಾಯಿಯವರ, ಎಷ್ಟು ದಿನ ಆತು ಇದು?"

"ಅಯ್ಯ, ಅಭ್ಯಾಸದ ಕೆಮ್ಮರಿ. ನೆತ್ತಿಗೆ ಎಣ್ಣಿ ಒತ್ತಲಿಕ್ಹತ್ತೇನಿ."

"ನಾನೂ ಹಂಗಽ ಅಂದಿದ್ದೆ," ಎಂದರು ಮಾಸ್ತರರು. "ಊರ ಮಂದಿಗೆಲ್ಲಾ ಹೆಮ್ಮೀಲೆ ಅಂದಿದ್ದೆ. ನಲವತ್ತು ಹುಡುಗರಿಗೆ ಸಾಲಿ ಕಲಿಸ್ತೇನ್ರಿ ನಾನು. ನನ್ನ ಮಗನ ಕೆಮ್ಮು ನನಗ ಓದಲಿಕ್ಕೆ ಬರಲಿಲ್ಲ."

ಪ್ರಾಣೇಶ ಇನ್ನು ತಡೆದುಕೊಳ್ಳಲಾರದೆ ಹೋದ. "ಕಾಕಾ, ಆ ಪುಸ್ತಕ ನನಗ ಕೊಡಬ್ಯಾಡ್ರಿ. ಅದರ ಮ್ಯಾಲ ಆಣಿ ಮಾಡೇನಿ. ಸಂಕ್ರಾಂತಿಗೇ ರಕ್ತ ಬಿದ್ದಿತ್ತು. ನಾ ಯಾರಿಗೂ ಹೇಳಲಿಲ್ಲ. ಕೇಳಿದವಗ ಸುಳ್ಳ ಹೇಳಿದೆ." ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಮಾಸ್ತರರ ಕೈ ಪುಸ್ತಕದ ರಟ್ಟಿನ ಮೇಲೆ ಸುಮ್ಮನೆ ಆಡುತ್ತಿತ್ತು. ತುಳಸೀಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಅವತ್ತು ನೀ ಹೇಳಿದ್ರ ನನ್ನ ಮಗ ಉಳೀತಿದ್ದನೋ ಏನೋ, ನನಗ ಗೊತ್ತಿಲ್ಲ," ಎಂದರು ಕೊನೆಗೆ. "ಸಿಟ್ಟು ಬಂದದ. ಇಲ್ಲಂತ ಹ್ಯಾಂಗ ಹೇಳ್ಲಿ? ಆದ್ರ ಈಗ ನೀ ಸುಮ್ನ ಕೂತು ಸತ್ರ ಅವನೇನು ತಿರುಗಿ ಬರ್ತಾನೇನು? ಏಳು. ಅಂಗಿ ಹಾಕ್ಕೋ."

ತುಳಸೀಬಾಯಿ ಅಡ್ಡ ಬಂದರು. "ಮಾಸ್ತರ, ಸಾವಕಾಶ ಮಾತಾಡ್ರಿ. ಓಣ್ಯಾಗ ಕೇಳಿಸ್ತದ. ಕ್ಷಯ ಅಂದ್ರ ನಮ್ಮ ಮನಿ ನೀರೂ ಯಾರೂ ಮುಟ್ಟೂದಿಲ್ಲ. ನನಗ ಇವನೊಬ್ಬಽ."

"ನನಗೂ ಒಬ್ಬಽ ಇದ್ದನ್ರಿ," ಎಂದರು ಮಾಸ್ತರರು. "ಮಂದಿಗೆ ಅಂಜಿ ಅವ ಮುಚ್ಚಿಟ್ಟ. ಅದಽ ಮಂದಿ ಅವನ್ನ ಹೊತ್ತುಕೊಂಡು ಹೋದ್ರು. ಇದು ನೀರು ಮುಟ್ಟಿದ್ರ ಬರೂದಲ್ಲ, ಪುಸ್ತಕ ಮುಟ್ಟಿದ್ರ ಬರೂದಲ್ಲ. ಮುಚ್ಚಿದ ಖೋಲ್ಯಾಗ ಎದುರಾಬದುರ ಕೂತು ಕೆಮ್ಮಿದ್ರ ಗಾಳೀಲೆ ಬರ್ತದ. ಡಾಕ್ಟರು ನನಗ ಎಲ್ಲಾ ಹೇಳ್ಯಾರ, ಕೇಳೂ ಹೊತ್ತು ಹೋದ ಮ್ಯಾಲ ಹೇಳ್ಯಾರ. ನಿಮಗ ಇನ್ನೂ ಹೊತ್ತದ."

ತುಳಸೀಬಾಯಿ ಮಗನನ್ನು ನೋಡಿದರು. ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ಇಷ್ಟು ದಿನ ಅದನ್ನು ನೋಡಿ ಹೆಮ್ಮೆಪಟ್ಟಿದ್ದರು. ಅವರು ಒಳಗೆ ಹೋಗಿ ಮಗನ ಅಂಗಿ ತಂದು, ತಾವೇ ತೊಡಿಸಿದರು. ಆಮೇಲೆ ಪಡಸಾಲೆಯ ಎರಡೂ ಕಿಟಕಿ ತೆರೆದರು. ಓಣಿಯವರು ಬೇಕಾದರೆ ಕೇಳಿಕೊಳ್ಳಲಿ ಎಂದು ಗಟ್ಟಿಯಾಗಿಯೇ ಹೇಳಿದರು: "ನಡೀರಿ ಮಾಸ್ತರ, ದವಾಖಾನಿಗೆ ಹೋಗೂಣು."

ಕಫದಲ್ಲಿ ರೋಗ ಸಿಕ್ಕಿತು. ಫೋಟೋದಲ್ಲಿ ನೋಡಿದರೆ ಒಂದೇ ಬದಿ, ಆಗಷ್ಟೇ ಹತ್ತಿತ್ತು. ಒಂದೂವರೆ ವರ್ಷ ಪ್ರಾಣೇಶ ಸೂಜಿ ಚುಚ್ಚಿಸಿಕೊಂಡ, ಗುಳಿಗೆ ನುಂಗಿದ. ನಾಲ್ಕನೆಯ ತಿಂಗಳು ಕೆಮ್ಮು ನಿಂತಾಗ ಇನ್ನು ಗುಳಿಗೆ ಸಾಕು ಎಂದವನನ್ನು ಖಾಸಿಂಸಾಬ ಇಳಕಲ್ಲಿನಿಂದ ಬಂದು ಬೈದು ಹೋದ. ಅವನೂ ಕಫ ತೋರಿಸಿಕೊಂಡಿದ್ದ, ಅವನಿಗೆ ಹತ್ತಿರಲಿಲ್ಲ. ಓಣಿಯ ನಾಲ್ಕು ಮನೆಯವರು ಬರುವುದು ಬಿಟ್ಟರು, ಸುಳ್ಳೇಕೆ ಹೇಳಲಿ. ಇಬ್ಬರು ಆಮೇಲೆ ಬಂದರು. ಪ್ರಾಣೇಶ ಈಗ ಮತ್ತೆ ಕಾಲೇಜಿನಲ್ಲಿದ್ದಾನೆ. ಮಾಸ್ತರರು ಬಿಟ್ಟುಹೋದ ಆ ಪುಸ್ತಕ ಅವನ ಹತ್ತಿರವೇ ಇದೆ. ಅವನ ಖೋಲಿಯ ಕಿಟಕಿ ಮುಚ್ಚುವುದಿಲ್ಲ. ಹಾಳೆ ಹಾರದ ಹಾಗೆ ಒಂದು ಕಲ್ಲು ಇಟ್ಟುಕೊಂಡಿದ್ದಾನೆ. ಆ ಕಲ್ಲಿನ ಉಪಾಯ ಎರಡು ವರ್ಷದ ಹಿಂದೆಯೇ ಹೊಳೆಯಬೇಕಿತ್ತು!

ಅಣ್ಣಗಳಿರಾ, ಅವ್ವಗಳಿರಾ, ಬೋರ್ಡಿಂಗಿನ ಹುಡುಗರೇ, ಕೆಮ್ಮಿಗೆ ಚಂದದ ಹೆಸರು ಕೊಟ್ಟು ಕೂಡಬೇಡಿ. ಹದಿನೈದು ದಿನ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ಮೈ ಕಂಡರೆ ದವಾಖಾನೆಗೆ ಹೋಗಿ ಕಫ ತೋರಿಸಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ಕಂಡಲ್ಲಿ ಉಗುಳಬೇಡಿ. ಕಿಟಕಿ ತೆರೆಯಿರಿ. ಡಾಕ್ಟರು ಸಾಕು ಅನ್ನುವವರೆಗೆ ಔಷಧ ಬಿಡಬೇಡಿ. ಇನ್ನು, ಗೆಳೆಯ ಗುಟ್ಟಾಗಿಡು ಎಂದು ಆಣೆ ಹಾಕಿಸಿಕೊಂಡಿದ್ದರೆ, ಆ ಆಣೆಯನ್ನು ಇವತ್ತೇ ಮುರಿಯಿರಿ. ಪಾಪ ಬರುವುದಿದ್ದರೆ ಈ ಕಥೆ ಹೇಳಿದವನಿಗೆ ಬರಲಿ.

ಈ ಕಥೆ ಓದುವಾಗ ನಿಮ್ಮ ಪಕ್ಕದಲ್ಲಿ ಯಾರೋ ಕೆಮ್ಮಿದರಲ್ಲ, ಎಷ್ಟು ದಿನವಾಯಿತು ಎಂದು ಅವರನ್ನು ಕೇಳಿದಿರಾ?